ಸೊಸೆ ಕೇಳಿದ ಆಟದ ಸಿನಿಮಾಗಳು

ಕೋರಮಂಡಲ್, ಕೆ.ಜಿ.ಎಫ್.
14-9-2025, ಭಾನುವಾರ

ಚಿ. ಸೌ. ಸುಮಿತಾಳಿಗೆ,

ನಿನ್ನ ಅತ್ತೆ ಶ್ಯಾಮಲಾ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಕ್ಷೇಮ. ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಕೋಲಾರದ ಪಂದ್ಯದಲ್ಲಿ ಬಿದ್ದು, ಸಂಕ್ರಾಂತಿ ಕಳೆದು ನಿನ್ನ ಮೊಣಕಾಲಿನ ಆಪರೇಷನ್ ಆದಾಗ, ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ನೀನು ಕೇಳಿದ್ದೆ: "ಅತ್ತೆ, ಇನ್ನು ತಿಂಗಳುಗಟ್ಲೆ ತವರಲ್ಲಿ ಬಿದ್ದಿರ್ಬೇಕು. ಮನೇಲೇ ಕೂತು ನೋಡೋ ಅಂಥ ಒಳ್ಳೊಳ್ಳೆ ಆಟದ ಸಿನಿಮಾ ಇದ್ರೆ ನೋಡಿ ಹೇಳಿ." ನೀನು ಕೇಳಿದ್ದು ಎಳ್ಳುಬೆಲ್ಲದ ಕಾಲದಲ್ಲಿ, ನಾನು ಹೇಳುತ್ತಿರುವುದು ಗಣೇಶನನ್ನು ನೀರಿಗೆ ಬಿಟ್ಟ ಮೇಲೆ. ಅಷ್ಟರಲ್ಲಿ ನೀನು ಎದ್ದು ಓಡಾಡುವ ಹಾಗಾಗಿದ್ದೀಯ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಉಗಾದಿಯ ದಿನ ನರೇಶ ನಿನಗೆ ಏನಂದ ಎನ್ನುವುದು ಈ ಮನೆಯ ಗೋಡೆಗೂ ಗೊತ್ತು. "ಕಬಡ್ಡಿ ಸಾಕು, ಅದನ್ನ ಬಿಡೋದಾದ್ರೆ ವಾಪಸ್ ಬಾ" ಅಂದ. ಕಟ್ಟಿಕೊಂಡ ಹೆಂಡತಿಗೆ ಹಬ್ಬದ ದಿನ ಆಡುವ ಮಾತೇ ಅದು? ಅಂದಿನಿಂದ ನೀನು ಈ ಮನೆಯ ಯಾರ ಫೋನನ್ನೂ ಎತ್ತುವುದಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಬಂಗಾರಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಬರುವ ನಮ್ಮ ಪಕ್ಕದ ಮನೆ ರಾಧ ತಂದುಕೊಡುತ್ತಾಳೆ. ನಿನ್ನ ಸುದ್ದಿ ತರುವವಳೂ ಅವಳೇ. ದೀಪಾವಳಿ ಆದ ಮೇಲೆ ರಾಜ್ಯ ತಂಡದ ಆಯ್ಕೆ ಇದೆಯಂತೆ, ಡಾಕ್ಟರು ಆಡಬಹುದು ಎಂದಿದ್ದಾರಂತೆ, ನೀನು ಮಾತ್ರ ಹೂಂ ಅನ್ನದೆ ಊಹೂಂ ಅನ್ನದೆ ಕೂತಿದ್ದೀಯಂತೆ.

ಅದಿರಲಿ, ಸಿನಿಮಾಕ್ಕೆ ಬರುತ್ತೇನೆ. ಟಿ.ವಿ.ಗೆ ಇಂಟರ್‌ನೆಟ್ ಹಾಕಿಸಿಕೊಟ್ಟವಳು ನೀನು, ಅದರ ಹುಚ್ಚು ಹಿಡಿದದ್ದು ನನಗೆ. ಸೀರಿಯಲ್ ಬಿಟ್ಟು ಬೇರೇನೂ ನೋಡದಿದ್ದವಳು ಈಗ ಆಟದ ಸಿನಿಮಾ ಎಲ್ಲಿದ್ದರೂ ಅಗೆದು ತೆಗೆಯುತ್ತೇನೆ. ಹೆಸರುಗಳು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಆಟ ಯಾವುದು, ಮೇಲಿನ ಪೋಸ್ಟರಿನ ಚಿತ್ರದಲ್ಲಿ ಯಾರಿದ್ದಾರೆ ಅಂತ ಗುರುತು ಹೇಳುತ್ತೇನೆ, ನೀನೇ ಹುಡುಕಿಕೋ.

ಮೊದಲು ದೋಣಿಯದು ನೋಡು. ಚಿತ್ರದಲ್ಲಿ ಹಳದಿ ರೈನ್‌ಕೋಟಿನ ಹೆಂಗಸರು ಸಾಲಾಗಿ ನಿಂತಿರುತ್ತಾರೆ. ಯಾವುದೋ ಚಳಿಯ ದೇಶ. ಮೀನು ಕೊಯ್ಯುವ ಕಾರ್ಖಾನೆಯ ಕೆಲಸದವರು, ಎಲ್ಲರೂ ನನ್ನ ವಯಸ್ಸಿನ ಆಸುಪಾಸು, ಹಟ ಹಿಡಿದು ದೋಣಿ ಪಂದ್ಯಕ್ಕೆ ಇಳಿಯುತ್ತಾರೆ. ಅವರ ಭಾಷೆ ನಮಗೆ ಬಾರದು. ನಮಗೆ ಬರುವ ಭಾಷೆಗೆ ತಿರುಗಿಸೋಣ ಎಂದರೆ ನಮ್ಮ ಮನೆಯ ರಾಮಾಯಣ ನಿನಗೆ ಗೊತ್ತಲ್ಲ. ನಿಮ್ಮ ಮಾವ ಕಾರ್ಖಾನೆಯಲ್ಲಿ ತಮಿಳರ ಜೊತೆ ದುಡಿದೂ ದುಡಿದೂ ಅವರಿಗೆ ಈಗ ಸಿನಿಮಾ ಎಂದರೆ ತಮಿಳೇ ಆಗಬೇಕು. ನನ್ನ ಅತ್ತೆ, ಅದೇ ನಿನ್ನ ಅಮ್ಮಾಜಮ್ಮಜ್ಜಿಗೆ, ತೆಲುಗು. ನನಗೆ ಕನ್ನಡ. ಮೂವರೂ ರಿಮೋಟಿಗೆ ಕಿತ್ತಾಡಿ ಕೊನೆಗೆ ಧ್ವನಿಯನ್ನೇ ಪೂರ್ತಿ ಇಳಿಸಿ ನೋಡಿದೆವು. ಮಾತೇ ಬೇಕಾಗಲಿಲ್ಲ ಕಣೆ. ಹುಟ್ಟು ಹಾಕುವಾಗ ಆ ಹೆಂಗಸರ ಬೆನ್ನುಗಳನ್ನು ನೋಡು. ಮುಖಕ್ಕಿಂತ ಬೆನ್ನು ಚೆನ್ನಾಗಿ ನಟಿಸಿದ ಸಿನಿಮಾ ನಾನು ಅದೊಂದನ್ನೇ ನೋಡಿದ್ದು.

ಕಬಡ್ಡಿಯದು ಒಂದಿದೆ, ನಗುವುದಕ್ಕೆ ನೋಡು. ನಾಯಕಿ ರೈಡಿಗೆ ಹೋಗಿ, ಎದುರಾಳಿಗಳ ನಡುವೆ ನಿಂತು, ಉಸಿರು ಬಿಟ್ಟು, ಅಪ್ಪನನ್ನು ನೆನೆದು ಅತ್ತು, ಮತ್ತೆ ರೈಡು ಮುಂದುವರಿಸುತ್ತಾಳೆ! ಅಷ್ಟು ಹೊತ್ತಿಗೆ ನಿನ್ನನ್ನಾಗಿದ್ದರೆ ಕಾಲು ಹಿಡಿದು ಉರುಳಿಸಿ, ಪಾಯಿಂಟು ತಗೊಂಡು, ನೀರು ಕುಡಿಯಲು ಹೋಗಿರುತ್ತಿದ್ದರು. ನಾನು ತಡೆಯಲಾರದೆ "ಅವಳು ಔಟು, ಅವಳು ಔಟು" ಎಂದು ಕೂಗಿದೆ. ನಿಮ್ಮ ಮಾವ, "ಏ ಶ್ಯಾಮಲಾ, ಸುಮ್ಕೆ ಪಿಕ್ಚರ್ ನೋಡೇ, ಅಂಪೈರ್ ಕೆಲ್ಸ ಯಾರೂ ಕೊಟ್ಟಿಲ್ಲ ನಿಂಗೆ" ಅಂದರು. ಬೋನಸ್ ಗೆರೆ ಯಾವುದು ಎಂದು ಗೊತ್ತಿಲ್ಲದ ಗಂಡಸಿಗೆ ಏನು ಹೇಳುವುದು? ನನಗೆ ಕಲಿಸಿದ್ದು ನೀನು, ಅಡುಗೆಮನೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಂಕಣ ಎಳೆದು.

ಇನ್ನೊಂದು ಮಾತು. ಯಾವ ಸಿನಿಮಾದಲ್ಲೇ ಆಗಲಿ, ಕೋಚ್ ಆದವನು ಸೊಂಟದ ಮೇಲೆ ಕೈಯಿಟ್ಟು ಭಾಷಣ ಶುರುಮಾಡಿದರೆ ಆ ಭಾಗ ಓಡಿಸಿಬಿಡು. ನಾನು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತೇನೆ, ಅವನದು ಇನ್ನೂ ಮುಗಿದಿರುವುದಿಲ್ಲ. ಆಡುವವಳು ಅವಳು, ಬೆವರುವವಳು ಅವಳು, ಮಾತು ಮಾತ್ರ ಇವನದು.

ಎಲ್ಲಕ್ಕಿಂತ ಒಳ್ಳೆಯದು ಸೈಕಲ್ಲಿನದು. ಚಿತ್ರದಲ್ಲಿ ಒಬ್ಬ ಹುಡುಗಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತಿರುತ್ತಾಳೆ. ಇದನ್ನು ನೋಡುವಾಗ ನಡೆದದ್ದನ್ನು ನಿನಗೆ ಹೇಳಲೇಬೇಕು. ಕೊನೆಯ ಪಂದ್ಯ ನಡೆಯುತ್ತಿದೆ, ಘಾಟಿ ರಸ್ತೆ, ಹುಡುಗಿ ಎಲ್ಲರಿಗಿಂತ ಮುಂದೆ. ಅಜ್ಜಿ ಇದ್ದಕ್ಕಿದ್ದ ಹಾಗೆ ಎರಡು ಕೈಯನ್ನೂ ಎತ್ತಿ ಮುಗಿದು, "ಅಮ್ಮಾ ಮುತ್ಯಾಲಮ್ಮ, ಆ ಮಗೀನ ಗೆಲ್ಸು ತಾಯಿ, ತಂಬಿಟ್ಟಿನ ಆರತಿ ಮಾಡ್ತೀನಿ" ಎಂದು ಹರಕೆ ಹೊತ್ತುಬಿಟ್ಟರು.

ನಿಮ್ಮ ಮಾವ ಬಿದ್ದು ಬಿದ್ದು ನಕ್ಕರು. "ಅಮ್ಮಾ, ಅದು ಯಾವತ್ತೋ ತೆಗ್ದಿರೋ ಪಿಕ್ಚರ್. ಸೋಲೋದು ಗೆಲ್ಲೋದು ಎಲ್ಲಾ ಆಗ್ಲೇ ಆಗೋಗೈತೆ. ಅದಕ್ಕೆಂಥ ಅರಕೆ?"

ಅಜ್ಜಿ ಅವರ ಕಡೆ ತಿರುಗಲೂ ಇಲ್ಲ. "ನಿಂಗೆ ಆಗೋಗಿರ್ಬೋದು ಕಣ್ಲಾ. ನಾನಿನ್ನೂ ನೋಡೇ ಇಲ್ವಲ್ಲ" ಅಂದರು.

ಅಷ್ಟರಲ್ಲಿ ಸೈಕಲ್ಲಿನ ಟೈರು ಒಡೆಯಿತು. ಹುಡುಗಿ ಉರುಳಿ ಬಿದ್ದಳು. ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು. ಅವಳು ಎದ್ದು, ಸೈಕಲ್ಲನ್ನು ಹೆಗಲಿಗೇರಿಸಿ, ಕುಂಟುತ್ತಾ ನಡೆದು ಗೆರೆ ದಾಟುವಾಗ ಅಲ್ಲಿ ಚಪ್ಪಾಳೆ ಹೊಡೆಯುವುದಕ್ಕೂ ಜನ ಉಳಿದಿರಲಿಲ್ಲ. ನಾನಂತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನಿಮ್ಮ ಮಾವನೂ ಒರೆಸಿಕೊಂಡರು, ಅದನ್ನು ಮುಚ್ಚಿಕೊಳ್ಳಲು, "ಸೋತೋದ್ಳಲ್ಲ, ಬಿಡಮ್ಮ, ಆರತಿ ಖರ್ಚು ಉಳೀತು" ಅಂದರು.

ಅಜ್ಜಿಗೆ ಬಂದ ಕೋಪ ನೀನು ನೋಡಬೇಕಿತ್ತು. "ಗೆದ್ರೆ ಕೊಡ್ತೀನಿ, ಸೋತ್ರೆ ಇಲ್ಲ ಅನ್ನಾಕೆ ಅಮ್ಮ ಏನು ಸಂತೇಲಿ ಕುಂತವ್ಳಾ? ಬಿದ್ದೋಳು ಎದ್ಲಲ್ಲ, ಎಬ್ಬಿಸ್ದೋರು ಯಾರು? ನಾಳಿದ್ದು ಮಂಗಳವಾರ. ಅಕ್ಕಿ ನೆನೆಯಾಕು ಶ್ಯಾಮಲಾ."

ಹಾಕದೆ ಉಂಟೆ? ಅಕ್ಕಿ ನೆನೆಹಾಕಿ, ಹಿಟ್ಟು ಮಾಡಿ, ಬೆಲ್ಲ ಸೇರಿಸಿ, ತಂಬಿಟ್ಟು ಕಟ್ಟಿ, ದೀಪವಿಟ್ಟು ತಟ್ಟೆಯನ್ನು ಹೂವಿನಿಂದ ಸಿಂಗರಿಸಿ, ಬೇತಮಂಗಲದ ಬಸ್ಸು ಹತ್ತಿ ಅಜ್ಜಿಯ ಊರಿಗೆ ಹೋದೆವು. ಗುಡಿಯ ಪೂಜಾರಿ ಸೀನಪ್ಪ, "ಯಾರ ಎಸ್ರಲ್ಲಿ ಪೂಜೆ ಅಜ್ಜೀ?" ಎಂದ. "ಸೈಕಲ್ ಉಡ್ಗಿ ಎಸ್ರಲ್ಲಿ" ಅಂದರು. "ಯಾವೂರೋಳು?" "ಟೀವಿಯೋಳು." ಸೀನಪ್ಪ ನನ್ನ ಮುಖ ನೋಡಿದ, ನಾನು ಗುಡಿಯ ಗೋಪುರ ನೋಡಿದೆ. ಪಾಪ, ಒಳ್ಳೆಯವನು, ಟೀವಿಯ ಸೈಕಲ್ ಹುಡುಗಿಯನ್ನು ಚೆನ್ನಾಗಿ ಕಾಪಾಡು ತಾಯಿ ಎಂದು ಗಟ್ಟಿಯಾಗಿ ಕೇಳಿಕೊಂಡು ಕರ್ಪೂರ ಹಚ್ಚಿದ. ಮೊದಮೊದಲು ನನಗೆ ನಾಚಿಕೆಯಾಗಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ ನನ್ನ ಹೆಗಲ ಮೇಲೆ ನಿದ್ದೆಹೋದರು. ಇಂಥ ಮನೆಗೆ ನಾನು ಸೊಸೆಯಾಗಿ ಬಂದೆನಲ್ಲ ಎಂದು ಹೆಮ್ಮೆಯಾಯಿತು.

ಆ ಸಿನಿಮಾ ನಡೆಯುವಾಗ ನರೇಶನೂ ಮನೆಯಲ್ಲಿದ್ದ. ರಾಬರ್ಟ್‌ಸನ್‌ಪೇಟೆಯ ಅಂಗಡಿ ಮುಚ್ಚಿ ಬಂದವನು ಬಾಗಿಲಲ್ಲೇ ನಿಂತು ನೋಡಿದ, ಒಳಗೆ ಬಂದು ಕೂರಲಿಲ್ಲ. ಹುಡುಗಿ ಎದ್ದು ನಿಂತಾಗ ನಾನು "ನೋಡೋ" ಅಂದೆ. ಅವನು, "ಪಿಕ್ಚರ್‌ನಲ್ಲಿ ಬಿದ್ರೆ ಮ್ಯೂಸಿಕ್ ಬರುತ್ತಮ್ಮ. ಸುಮಿತಾ ಬಿದ್ದಾಗ ಏನು ಕೇಳಿಸ್ತು ಅಂತ ನನಗೆ ಗೊತ್ತು. ಕೋಲಾರದ ಗ್ರೌಂಡ್‌ನಲ್ಲಿ ನೀನಿರ್ಲಿಲ್ಲ, ನಾನಿದ್ದೆ" ಎಂದು ಹೇಳಿ ಒಳಗೆ ಹೋದ. ಊಟಕ್ಕೂ ಏಳಲಿಲ್ಲ. ಅವನು ಕೆಟ್ಟವನಲ್ಲ ಸುಮಿತಾ. ಹೆದರಿದ್ದಾನೆ. ಆದರೆ ಹೆದರಿಕೆ ಅವನದು, ಮೊಣಕಾಲು ನಿನ್ನದು. ಅವನ ಹೆದರಿಕೆಗೆ ನಿನ್ನ ಕಾಲಿನಿಂದ ಬಾಡಿಗೆ ಕಟ್ಟಿಸಿಕೊಳ್ಳುವುದು ಯಾವ ನ್ಯಾಯ ಎಂದು ನಾನು ಅವನನ್ನೇ ಕೇಳಿದ್ದೇನೆ.

ಇಷ್ಟೆಲ್ಲ ಸಿನಿಮಾ ನೋಡಿದ ಮೇಲೆ ನನಗೆ ಅನಿಸಿದ್ದು ಹೇಳುತ್ತೇನೆ, ಮುಖಸ್ತುತಿ ಅಂದುಕೊಳ್ಳಬೇಡ. ಮದುವೆಯಾದ ಹೊಸದರಲ್ಲಿ ಬಂಗಾರಪೇಟೆಯ ಮೈದಾನದಲ್ಲಿ ನೀನು ಆಡುವುದನ್ನು ನೋಡಲು ಬಂದಿದ್ದೆನಲ್ಲ, ನೆಂಟರು ಏನಂದುಕೊಳ್ಳುತ್ತಾರೋ ಎಂದು ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೀನು ಮಧ್ಯದ ಗೆರೆ ದಾಟಿದೆ. ಅಷ್ಟು ಜನರ ನಡುವೆ ಒಬ್ಬಳೇ, ಉಸಿರು ಕಟ್ಟಿ, ನಗುತ್ತಿದ್ದೆ. ಹೌದು, ನಗುತ್ತಿದ್ದೆ. ನನ್ನ ಮನೆಯಲ್ಲಿ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುವಾಗ ತಲೆ ತಗ್ಗಿಸುವ ಹುಡುಗಿಯೇ ಇವಳು ಅಂತ ನನಗೆ ನಂಬಿಕೆಯೇ ಬರಲಿಲ್ಲ. ಮೂವರು ನಿನ್ನ ಮೇಲೆ ಬಿದ್ದರೂ ಅವರನ್ನೆಲ್ಲ ಎಳೆದುಕೊಂಡು ಬಂದು ಗೆರೆ ಮುಟ್ಟಿದೆ. ನಾನು ಯಾವಾಗ ಎದ್ದು ನಿಂತೆನೋ, ಸೆರಗು ಎಲ್ಲಿ ಹೋಯಿತೋ, ದೇವರಿಗೇ ಗೊತ್ತು. ಯಾವ ಸಿನಿಮಾದಲ್ಲೂ ಅಂಥ ಇನ್ನೊಂದು ರೈಡು ನನಗೆ ಸಿಕ್ಕಿಲ್ಲ. ಹುಡುಕುತ್ತಲೇ ಇದ್ದೇನೆ.

ನಿಮ್ಮ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಹುರುಳಿ ಸಾರು ಕುಡಿ, ಮೂಳೆಗೆ ಒಳ್ಳೆಯದು. ಮುತ್ಯಾಲಮ್ಮ ನಿನ್ನ ಕಾಲಿಗೆ ಬಲ ಕೊಡಲಿ, ಮನಸ್ಸಿಗೆ ಅದಕ್ಕಿಂತ ಹೆಚ್ಚು ಕೊಡಲಿ. ನೂರು ಕಾಲ ಸುಖವಾಗಿ ಬಾಳು.

ಇಂತಿ ನಿನ್ನ ಅತ್ತೆ,
ಶ್ಯಾಮಲಾ ವಿಜಯಕುಮಾರ್

ತಾ.ಕ.: ಸಹಿ ಹಾಕಿ ಮಡಿಚಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯಲು ನನ್ನನ್ನು ಕೂರಿಸಿದವನೇ ನರೇಶ. ಹೋದ ವಾರ ಪಕ್ಕದಲ್ಲಿ ಬಂದು ಕೂತು, "ಅಮ್ಮ, ನೀನು ಕರೆದ್ರೆ ಅವಳು ಇಲ್ಲ ಅನ್ನಲ್ಲ. ದಸರಾಕ್ಕೆ ಬಂದ್ಬಿಡು ಅಂತ ಬರಿ. ಆಟದ ಮಾತು ಎತ್ತಬೇಡ. ಮನೆಗೆ ಬಂದ್ರೆ ಅದು ತಾನಾಗೇ ನಿಂತೋಗುತ್ತೆ" ಅಂದ. ಅವನು ಹೇಳಿದ್ದು ನಿಜ. ನಾನು ಕರೆದರೆ ನೀನು ಬರುತ್ತೀಯ. ಅದೇ ನನ್ನ ಸಂಕಟ. ನೀನು ಬಂದರೆ ದಸರಾ ಆಗುತ್ತದೆ, ದೀಪಾವಳಿ ಆಗುತ್ತದೆ, ಹಬ್ಬದ ಗಲಾಟೆಯಲ್ಲಿ ಆಯ್ಕೆಯ ದಿನ ದಾಟಿಹೋಗುತ್ತದೆ, ಯಾರೂ ನಿನ್ನನ್ನು ತಡೆದ ಹಾಗೂ ಇರುವುದಿಲ್ಲ. ಆಮೇಲೆ ನೀನೂ ನಮ್ಮ ಜೊತೆ ಸೋಫಾದಲ್ಲಿ ಕೂತು ಯಾರೋ ಹುಡುಗಿಯರು ಆಡುವುದನ್ನು ನೋಡುತ್ತೀಯ.

ನೀನು ಆಯ್ಕೆಗೆ ಹೋದರೆ ನರೇಶ ಏನು ಮಾಡುತ್ತಾನೋ, ಹೆತ್ತ ನನಗೂ ಗೊತ್ತಿಲ್ಲ. ನಿನ್ನನ್ನು ಸೊಸೆ ಎಂದು ಕರೆಯುವ ಭಾಗ್ಯವೇ ನನಗೆ ಇಲ್ಲದೆ ಹೋಗಬಹುದು. ಬಾ ಎಂದು ಬರೆದೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ನೀನಿಲ್ಲದ ಈ ಮನೆಯಲ್ಲಿ ನನಗೆ ಅನ್ನ ಸೇರುವುದಿಲ್ಲ. ಆದರೂ ಹೇಳುತ್ತೇನೆ, ದಸರಾಕ್ಕೆ ಬರಬೇಡ ಮಗಳೇ.