ಗೇಣು ಹಾಕಿ ಮಾಡಿದ ಕುರ್ಚಿ

ಜೂನ್ ೮, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಏಣಿಗೆ,

ಅಪ್ಪನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ನಿನ್ನ ಬೆನ್ನಿನದೇ ಚಿಂತೆ. ನಾನೇ ಮಾಡಿ ಪಾರ್ಸೆಲ್ ಹಾಕಿದ ಕುರ್ಚಿ ತಲುಪಿದ ದಿನ ನೀನು ಫೋನಿನಲ್ಲಿ, "ಅಪ್ಪಾ, ಇದು ನಂಗೆ ಮಾಡಿದ್ದೋ ಕಪ್ಪೆಗೆ ಮಾಡಿದ್ದೋ? ಕೂತ್ರೆ ಮೊಣಕಾಲು ಗಲ್ಲಕ್ಕೆ ಬರುತ್ತೆ. ಕೆಳಗಿನ ಮನೆ ಪಾಪುಗೆ ಕೊಟ್ಬಿಡ್ಲಾ?" ಎಂದು ನಕ್ಕೆ. ನಾನು ಮುಖ ಊದಿಸಿಕೊಂಡು ಫೋನ್ ಇಟ್ಟೆ. ಆಮೇಲೆ ನಿನ್ನ ಕರೆಗಳನ್ನೂ ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಬಾಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಈ ಕಾಗದ, ಅದೂ ತಡವಾಗಿ.

ನಿವೃತ್ತಿಯಾದ ಮೇಲೆ ನನಗೆ ಮರಗೆಲಸ ಹೇಳಿಕೊಟ್ಟ ಬಡಗಿಗೆ ವಿಷಯ ತಿಳಿಸಿದೆ. "ಸ್ಟೇರಿಂಗ್ ಹಿಡಿದ ಕೈ ಸಾರ್, ಬ್ರೇಕ್ ಹಾಕೋದ್ರೊಳಗೆ ಗರಗಸ ಮುಂದೆ ಹೋಗ್ಬಿಟ್ಟಿದೆ" ಎಂದ. ಅನ್ನಲಿ ಬಿಡು. ಮರಗೆಲಸ ಅಷ್ಟಕ್ಕಷ್ಟೇ ಆದರೂ ಕೂರುವ ಕೆಲಸ ನನಗೆ ಚೆನ್ನಾಗಿ ಗೊತ್ತು. ಜೀವಮಾನವೆಲ್ಲ ಬಸ್ಸಿನಲ್ಲಿ ಕೂತೇ ದುಡಿದವನು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗೂನುಬೆನ್ನು ಮಾಡುವುದನ್ನು ಇವತ್ತೇ ಬಿಡು. ಪಾದ ಪೂರ್ತಿ ನೆಲಕ್ಕೆ ಊರಿರಬೇಕು. ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟುಕೋ. ದಪ್ಪ ಪುಸ್ತಕಗಳನ್ನು ಕೆಳಗಿಟ್ಟು ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸು, ಕೀಬೋರ್ಡ್ ಬೇರೆ ತಗೋ. ಗಲ್ಲವನ್ನು ಎದೆಗೆ ಊರಿಕೊಂಡು ಯಾರೂ ಬಸ್ ಓಡಿಸುವುದಿಲ್ಲ. ಆಗಾಗ ಎದ್ದು ಓಡಾಡು. ಎಂಥ ಎಕ್ಸ್‌ಪ್ರೆಸ್ ಬಸ್ಸಾದರೂ ಎಲ್ಲೋ ಒಂದು ಕಡೆ ನಿಲ್ಲಲೇಬೇಕು.

ನಿನ್ನ ಅಮ್ಮನಿಗೂ ಇದನ್ನೇ ಹೇಳುತ್ತಿದ್ದೆ. ಮನೆಯಿಂದಲೇ ಕೆಲಸ ಎಂದು ನೀವು ಈಗ ಹೇಳುತ್ತೀರಿ. ಅವಳು ಆಗಲೇ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಹಾಕಿಕೊಂಡು ಬೀದಿಯ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿಯುತ್ತಿದ್ದಳು. ಪುಟಾಣಿ ಆಳು, ಪೆಡಲ್ ತುಳಿಯಲು ಕುರ್ಚಿಯ ತುದಿಗೆ ಜಾರಬೇಕಿತ್ತು. ಒಂದು ರಜೆಯ ದಿನ ಅವಳನ್ನು ಕೂರಿಸಿ, ಮೊಣಕಾಲಿನ ಹಿಂದಿನಿಂದ ಹಿಮ್ಮಡಿಯವರೆಗೆ ಗೇಣು ಹಾಕಿ, ಕುರ್ಚಿಯ ಕಾಲು ಕೊಯ್ದೆ. "ಕಚಗುಳಿ ಆಗುತ್ತೆ, ಬೇಗ ಅಳತೆ ತಗೊಳ್ಳಿ, ಮಗು ನೋಡ್ತಿದೆ" ಎಂದಳು. ನೋಡುತ್ತಿದ್ದ ಮಗು ನೀನು. ಕಣ್ಣು ಮುಚ್ಚಿ ಬಿಡುವುದರೊಳಗೆ ಅವಳ ಹೆಗಲು ದಾಟಿ ಬೆಳೆದೆ. ಏಣಿ ಎಂದು ಹೆಸರಿಟ್ಟವಳೂ ಅವಳೇ. ಪಾಳಿ ಮುಗಿಸಿ ಬರುವಾಗ ಬೀದಿಯ ತಿರುವಿನಲ್ಲೇ ಮೆಷಿನ್ನಿನ ಸದ್ದು ಕೇಳಿಸುತ್ತಿತ್ತು, ಅರ್ಧ ಆಯಾಸ ಅಲ್ಲೇ ಇಳಿಯುತ್ತಿತ್ತು. ಈಗ ಆ ಸದ್ದು ಬಹಳ ನೆನಪಾಗುತ್ತದೆ.

ನಿನ್ನ ಕಾಲಿನ ಅಳತೆ ಬರೆದು ಕಳಿಸು. ಇನ್ನೊಂದು ಮಾಡುತ್ತೇನೆ, ಈ ಸಲ ಟೇಪು ಹಿಡಿದೇ. ಬೆನ್ನು ನೆಟ್ಟಗಿರಲಿ, ಮನಸ್ಸು ಹಗುರಾಗಿರಲಿ, ಕೈತುಂಬ ಕೆಲಸವಿರಲಿ ಮಗಳೇ.

ನಿನ್ನ
ಅಪ್ಪ

ತಾ.ಕ.: ಗರಗಸ ತಪ್ಪಲಿಲ್ಲ. ನೀನು ಎದುರಿಗಿಲ್ಲವಲ್ಲ ಎಂದು ಅಂದಾಜಿನಲ್ಲಿ ಗೇಣು ಹಾಕಿದೆ. ಕೈ ತನಗೆ ಗೊತ್ತಿದ್ದ ಅಳತೆಯನ್ನೇ ಹಾಕಿತು. ಅಮ್ಮ ಹೋದ ಮೇಲೆ, ಕಣ್ಣೆದುರು ಇರುವುದೇ ಬೇಡವೆಂದು ಅವಳ ಕುರ್ಚಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದೆ. ಮೊಣಕಾಲು ಗಲ್ಲಕ್ಕೆ ಬರುತ್ತೆ ಎಂದು ನೀನು ನಕ್ಕಾಗಲೇ ನನಗೆ ಗೊತ್ತಾಗಿದ್ದು, ಮಾಡಿ ಕಳಿಸಿದ್ದು ಅದೇ ಕುರ್ಚಿ ಎಂದು. ಅದನ್ನು ಯಾರಿಗೂ ಕೊಡಬೇಡ, ಹಾಗೇ ವಾಪಸು ಕಳಿಸು. ಮೆಷಿನ್ನಿನ ಮುಂದೆ ಜಾಗ ಖಾಲಿ ಇದೆ.