ಎರಡ್ಸಲ ಎಳೆದು ನೋಡು

ಜೂನ್ 3, ಮಂಗಳವಾರ. ಮಧ್ಯಾಹ್ನ 1.20

ಲಾಕರ್ ರೂಮು. ಡಬ್ಬಿ ಖಾಲಿ. ಇನ್ನೂ ಹತ್ತು ನಿಮಿಷ ಇದೆ, ಅಷ್ಟರಲ್ಲಿ ಬರೆದುಬಿಡುತ್ತೇನೆ.

ಇಂಟರ್ನ್‌ಶಿಪ್ಪಿನ ಎರಡನೇ ವಾರ. ಪಾರ್ಕಿನ ರೋಲರ್ ಕೋಸ್ಟರ್‌ಗೆ ಇಲ್ಲಿ ಎಲ್ಲರೂ ಹಾವು ಅಂತಲೇ ಹೇಳುವುದು. ಹಾವಿಗೆ ಹದಿನಾರು ಸೀಟು. ಜನ ಕೂತ ಮೇಲೆ ಒಬ್ಬೊಬ್ಬರ ತೊಡೆಯ ಮೇಲೂ ಕಬ್ಬಿಣದ ಬಾರ್ ಇಳಿಸಬೇಕು, ಒತ್ತಬೇಕು, ಮೇಲಕ್ಕೆ ಎಳೆದು ನೋಡಬೇಕು. ಹದಿನಾರೂ ಆದ ಮೇಲೆ ಹೆಬ್ಬೆರಳು ಎತ್ತಬೇಕು. ಬೆರಳು ಕಂಡರೆ ಮಾತ್ರ ಗಾಜಿನ ಗೂಡಿನಲ್ಲಿ ಕೂತ ಆಪರೇಟರ್ ಬಟನ್ ಒತ್ತುತ್ತಾರೆ. "ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ್ದು ಬೆರಳು ಎತ್ತೋಕಾ?" ಅಂದಳು ಅಮ್ಮ.

ರೂಲ್ ಬುಕ್ಕಿನ ಪ್ರಕಾರ ಒಂದು ಸಲ ಎಳೆದರೆ ಸಾಕು. ಆಪರೇಟರ್ ಬಿಡುವುದಿಲ್ಲ. "ಎರಡ್ಸಲ ಎಳೀಬೇಕು. ಮೊದಲ್ನೇದು ಬಾರ್‌ಗೆ, ಎರಡನೇದು ನಿಂಗೆ." ಹದಿನಾಲ್ಕು ವರ್ಷದಿಂದ ಹೀಗೇ. ಲಾಕರ್‌ಗೆ ಬೀಗ ಹಾಕಿದರೂ ಎರಡು ಸಲ ಜಗ್ಗಿ ನೋಡುತ್ತಾರೆ. ಊಟದ ವಿಷಯವನ್ನೂ ಎರಡು ಸಲ ಕೇಳುತ್ತಾರೆ — "ಊಟ ಆಯ್ತಾ? ಆಯ್ತಾ ಊಟ?" ಇಡೀ ಪಾರ್ಕಿಗೆ ಅವರು ಎರಡ್ಸಲದಣ್ಣ. ಎದುರಿಗೇ ಹಾಗೆ ಕರೆದರೂ ಬೇಜಾರಿಲ್ಲ.

ಕಾಲೇಜು ಕೊಟ್ಟ ಲಾಗ್ ಬುಕ್ಕಿನಲ್ಲಿ 'ಇಂದು ಕಲಿತದ್ದು' ಅಂತ ಒಂದು ಕಾಲಂ. ಟೀಮ್ ವರ್ಕ್ ಅಂತ ಬರೆದೆ. ನಿನ್ನೆಯೂ ಅದನ್ನೇ ಬರೆದಿದ್ದೆ. ಯಾರು ಓದುತ್ತಾರೆ...

ಜೂನ್ 7, ಶನಿವಾರ. ಸಂಜೆ, ಬಸ್ಸಿನಲ್ಲಿ

ಸೇಫ್ಟಿ ಸರ್ ಸ್ಟಾಪ್‌ವಾಚ್ ಹಿಡಿದು ಬಂದಿದ್ದರು. ಹೆಸರು ಸೇಫ್ಟಿ, ಕೇಳುವುದು ಸ್ಪೀಡು.

"ಗಂಟೆಗೆ ಹದಿನೆಂಟು ಟ್ರಿಪ್ ಆಗ್ಬೇಕು, ಹದಿಮೂರು ಆಗ್ತಿದೆ. ಎರಡೆರಡು ಸಲ ಎಳೀತಾ ಕೂತ್ರೆ ಕ್ಯೂ ಕರಗುತ್ತಾ?"

ಅಣ್ಣ ಗೂಡಿನಿಂದಲೇ, "ಕ್ಯೂನಲ್ಲಿ ನಿಂತೋರು ಬೈತಾರೆ ಸರ್, ಬೀಳೋದಿಲ್ಲ" ಅಂದರು. ಸರ್ ಮುಖ ಗಂಟು ಹಾಕಿಕೊಂಡರು. ನನಗೆ ಒಳಗೊಳಗೇ ಖುಷಿ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಹೊರಡುವಾಗ ಸರ್ ಕರೆದು, "ನೀವು ಓದಿದೋರು. ಸ್ವಲ್ಪ ಫಾಸ್ಟ್ ಮಾಡಿ. ಸರ್ಟಿಫಿಕೇಟ್‌ಗೆ ಸೈನ್ ಹಾಕೋನು ನಾನೇ" ಅಂದರು. ನಗುತ್ತಲೇ. ಆ ಸರ್ಟಿಫಿಕೇಟ್ ಇಲ್ಲದೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಆಗಸ್ಟಿನಲ್ಲಿ ಸೇರಬೇಕಾದ ಫ್ಯಾಕ್ಟರಿ ಕೆಲಸವೂ ಇಲ್ಲ.

ತಮ್ಮನಿಗೆ ಫ್ರೀ ಪಾಸ್ ಬೇಕಂತೆ. ಒಂದು ವಾರದಿಂದ ಪ್ರಾಣ ತಿನ್ನುತ್ತಿದ್ದಾನೆ.

ಜೂನ್ 15, ಭಾನುವಾರ

ಹನ್ನೆರಡನೇ ಸೀಟು.

ಬರೆಯಲಾಗುತ್ತಿಲ್ಲ.

ಜೂನ್ 16, ಸೋಮವಾರ. ಸಂಜೆ 6

ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ. ಆದದ್ದು ಆದಂತೆ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಮೂರೂವರೆ. ಕ್ಯೂ ಐಸ್‌ಕ್ರೀಂ ಅಂಗಡಿ ದಾಟಿತ್ತು. ಹನ್ನೊಂದನೇ ಸೀಟಿನಲ್ಲಿ ಒಬ್ಬಳು ಹುಡುಗಿ, ಹೆದರಿ ಅಳುತ್ತಿದ್ದಳು. ಪಕ್ಕದ ಹನ್ನೆರಡರಲ್ಲಿ ಅವಳ ದೊಡ್ಡಮ್ಮ. ಹಸಿರು ಟೀ ಶರ್ಟು, ಸೊಂಟದಲ್ಲಿ ಸಣ್ಣ ಬ್ಯಾಗು. ಬ್ಯಾಗ್ ಬಿಚ್ಚಿಸಬೇಕಿತ್ತು. ಹುಡುಗಿಯನ್ನು ಸಮಾಧಾನ ಮಾಡಿದೆ, ಅವಳ ಬಾರ್ ಎರಡು ಸಲ ಎಳೆದೆ. ದೊಡ್ಡಮ್ಮ ನನ್ನ ನೋಡಿ ನಕ್ಕರು. "ಇವಳಿಗಿಂತ ನಂಗೇ ಭಯ" ಅಂದರು. ನಾನೂ ನಕ್ಕೆ. ಅವರ ಬಾರ್ ಇಳಿದ ಹಾಗೆ ಕಂಡಿತು. ಕಂಡಿತು, ಅಷ್ಟೇ. ಮುಟ್ಟಲಿಲ್ಲ. ಹದಿಮೂರಕ್ಕೆ ಹೋದೆ. ಹದಿನಾರು ಮುಗಿಸಿ ಬೆರಳು ಎತ್ತಿದೆ. ಅಭ್ಯಾಸವಾಗಿತ್ತು, ತಾನಾಗೇ ಎದ್ದಿತು.

ಬ್ಯಾಗ್ ಅಡ್ಡ ಬಂದು ಬಾರ್ ಕೂತೇ ಇರಲಿಲ್ಲ. ಗಾಡಿ ಹೊರಟು ಮೊದಲ ತಿರುವಿನಲ್ಲಿ ಬಾರ್ ಮೇಲೆದ್ದಿತು. ಏರು ಶುರುವಾಗುವ ಮೊದಲೇ ಅಣ್ಣ ಅದನ್ನು ನೋಡಿ ಸ್ಟಾಪ್ ಒತ್ತಿದರು. ಗಾಡಿ ಜಗ್ಗಿ ನಿಂತಿತು. ದೊಡ್ಡಮ್ಮನ ಮುಖ ಮುಂದಿನ ಸೀಟಿಗೆ ಬಡಿಯಿತು. ಎರಡು ಹಲ್ಲು ಹೋಯಿತು, ಗದ್ದಕ್ಕೆ ಏಳು ಹೊಲಿಗೆ. ಅಣ್ಣ ನೋಡದೇ ಇದ್ದಿದ್ದರೆ ಗಾಡಿ ಮೇಲಕ್ಕೆ ಹತ್ತಿ... ಅದನ್ನು ಬರೆಯಲಾರೆ. ಹುಡುಗಿ ಮಾತ್ರ ದೊಡ್ಡಮ್ಮನ ಕೈ ಬಿಡಲಿಲ್ಲ, ಆಂಬುಲೆನ್ಸಿನವರೆಗೂ.

ಇವತ್ತು ಬೆಳಿಗ್ಗೆ ಸೇಫ್ಟಿ ಸರ್ ರೂಮು. ಅಣ್ಣನ ಹೇಳಿಕೆ ಮೇಜಿನ ಮೇಲಿತ್ತು, ಓದಿದೆ. ಎರಡೇ ಮಾತು. 'ಬೆರಳು ಬಂತು. ಗಾಡಿ ಬಿಟ್ಟೆ.' ನನ್ನದನ್ನು ಸರ್ ಟೈಪ್ ಮಾಡಿಸಿಯೇ ಇಟ್ಟಿದ್ದರು. 'ನಾನು ಸನ್ನೆ ಮಾಡುವ ಮೊದಲೇ ಆಪರೇಟರ್ ಗಾಡಿ ಬಿಟ್ಟರು.'

"ಸರ್, ಹಾಗಲ್ಲ..." ಅಂದೆ.

"ಕ್ಯಾಮೆರಾದಲ್ಲಿ ನಿಮ್ಮ ಬೆನ್ನು ಮಾತ್ರ ಕಾಣುತ್ತೆ. ಬೆರಳು ಕಾಣಲ್ಲ. ಅವ್ರಿಗೆ ವಯಸ್ಸಾಯ್ತು, ಬೇರೆ ಕಡೆ ಹಾಕ್ತೀವಿ, ಕೆಲಸದಿಂದ ತೆಗೆಯಲ್ಲ. ನಿಮ್ದು ಈಗ ತಾನೇ ಶುರು. ಯೋಚ್ನೆ ಮಾಡಿ."

ಯೋಚನೆ ಮಾಡಲಿಲ್ಲ. ಸೈನ್ ಹಾಕಿದೆ. ಪೆನ್ನನ್ನೂ ಅವರೇ ಕೊಟ್ಟರು.

ಜೂನ್ 24, ಮಂಗಳವಾರ. ಬೆಳಿಗ್ಗೆ 9

ಎಂಟು ದಿನ ಈ ಪುಸ್ತಕ ಮುಟ್ಟಲಿಲ್ಲ. ಲಾಗ್ ಬುಕ್ ಮಾತ್ರ ತುಂಬಿದೆ. ಟೀಮ್ ವರ್ಕ್. ಕಮ್ಯುನಿಕೇಶನ್. ಟೈಮ್ ಮ್ಯಾನೇಜ್‌ಮೆಂಟ್.

ಅಣ್ಣನನ್ನು ಪಾರ್ಕಿಂಗ್‌ಗೆ ಹಾಕಿದ್ದಾರೆ. ಕುತ್ತಿಗೆಗೆ ಸೀಟಿ, ಬಿಸಿಲಲ್ಲಿ ನಿಂತು ಕಾರುಗಳಿಗೆ ಜಾಗ ತೋರಿಸುವುದು. ನಮ್ಮ ಬಸ್ ಅವರ ಮುಂದೆಯೇ ತಿರುಗುತ್ತದೆ. ದಿನಾ ತಲೆ ಬಗ್ಗಿಸಿ ಕೂರುತ್ತೇನೆ. ನಿನ್ನೆ ಮಧ್ಯಾಹ್ನ ಗೇಟಿನ ಹತ್ತಿರ ಎದುರಿಗೇ ಸಿಕ್ಕಿದರು.

"ಊಟ ಆಯ್ತಾ?"

"ಆಯ್ತಣ್ಣ."

ಇನ್ನೊಂದು ಸಲ ಕೇಳುತ್ತಾರೆ ಅಂತ ನಿಂತೆ. ಕೇಳಲಿಲ್ಲ. ಸೀಟಿ ಊದುತ್ತಾ ಒಂದು ಕಾರಿನ ಕಡೆ ಹೋದರು. ನಾಲ್ಕು ಜನರ ಮುಂದೆ ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಹಾವಿಗೆ ಹೊಸ ಆಪರೇಟರ್ ಬಂದಿದ್ದಾರೆ. ಗಂಟೆಗೆ ಹತ್ತೊಂಬತ್ತು ಟ್ರಿಪ್. ನಾನು ಮೂರು ಸಲ, ನಾಲ್ಕು ಸಲ ಎಳೆಯುತ್ತೇನೆ. ಬೆರಳು ಮಾತ್ರ ಏಳುವುದಿಲ್ಲ, ತಲೆ ಆಡಿಸುತ್ತೇನೆ. ಅವರಿಗೆ ಅದೂ ಬೇಕಿಲ್ಲ. ನನ್ನ ಕಡೆ ನೋಡದೆಯೇ ಬಿಟ್ಟುಬಿಡುತ್ತಾರೆ. ಎರಡು ಸಲ ಕೂಗಿ ನಿಲ್ಲಿಸಿದೆ.

ಟಿಕೆಟ್ ಕೌಂಟರಿನ ಅಕ್ಕ ಕೈ ತೊಳೆಯುತ್ತಾ ಅಂದಳು: "ನೋಡು, ಅಷ್ಟು ವರ್ಷದ ಮನುಷ್ಯ. ಬೆರಳು ಬರ್ದೇನೇ ಬಂತು ಅಂದ್ಬಿಟ್ರಲ್ಲ." ನಲ್ಲಿ ಜೋರಾಗಿ ತಿರುಗಿಸಿದೆ.

ಜೂನ್ 26, ಗುರುವಾರ. ಬೆಳಿಗ್ಗೆ 6.30

ನಿನ್ನೆ ಅಮ್ಮನಿಗೆ ಹೇಳಿಬಿಟ್ಟೆ. ತಮ್ಮ ಟ್ಯೂಷನ್‌ಗೆ ಹೋಗಿದ್ದ. ಅಮ್ಮ ಇಸ್ತ್ರಿ ಮಾಡುತ್ತಿದ್ದಳು, ನನ್ನ ಯೂನಿಫಾರ್ಮನ್ನೇ.

"ಆಗಿದ್ದು ಆಗೋಯ್ತು. ಬಾಯಿ ಮುಚ್ಕೊಂಡು ಇನ್ನು ಮೂರು ವಾರ ಕಳಿ" ಅಂದಳು. ಹಾಗೇ ಅನ್ನುತ್ತಾಳೆ ಅಂತ ಗೊತ್ತಿತ್ತು. ಹಾಗೇ ಅನ್ನಲಿ ಅಂತಲೇ ಹೇಳಿದ್ದೆ, ನಿಜ ಹೇಳಬೇಕೆಂದರೆ.

ಒಂದು ತೋಳು ಮುಗಿಸಿ ಕೇಳಿದಳು: "ಅವ್ರ ಮನೇಲಿ ಯಾರ್ಯಾರಿದಾರೆ?"

"ಗೊತ್ತಿಲ್ಲ."

"ದಿನಾ ನಿನ್ನ ಊಟ ಕೇಳ್ತಿದ್ರು ಅಂದಿ."

ಇನ್ನೊಂದು ತೋಳು. ಆಮೇಲೆ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಪ್ಲಗ್ ಕಿತ್ತಳು. ಇಬ್ಬರೂ ಊಟ ಸರಿಯಾಗಿ ಮಾಡಲಿಲ್ಲ.

ನನಗೆ ನನ್ನ ಮೇಲೆ ಅಸಹ್ಯ. ಬಾರ್ ಮುಟ್ಟದೆ ಹೋದದ್ದಕ್ಕೆ ಭಯವಿದೆ, ದುಃಖವಿದೆ, ಆ ದೊಡ್ಡಮ್ಮನ ನಗು ಕಣ್ಣಿಗೆ ಕಟ್ಟಿದೆ. ಅಸಹ್ಯ ಮಾತ್ರ ಆ ಸೈನಿಗೆ.

ಜೂನ್ 27, ಶುಕ್ರವಾರ. ಮಧ್ಯಾಹ್ನ 2

ಕೊಟ್ಟೆ.

ಕೈಬರಹದಲ್ಲೇ ಬರೆದೆ, ಅರ್ಧ ಪುಟ. ಹನ್ನೆರಡನೇ ಸೀಟನ್ನು ಮುಟ್ಟಲಿಲ್ಲ, ಬೆರಳು ಎತ್ತಿದ್ದು ನಾನೇ, ಹಿಂದಿನ ಹೇಳಿಕೆ ಸುಳ್ಳು. ಸೇಫ್ಟಿ ಸರ್ ನಿಧಾನಕ್ಕೆ ಓದಿದರು.

"ಇದನ್ನ ನಾನು ಹರಿದು ಹಾಕ್ಬಹುದು, ಗೊತ್ತಾ?"

"ಹಾಕಿ ಸರ್. ಇನ್ನೊಂದು ಕಾಪಿ ಮೇಲಿನ ಆಫೀಸಿಗೆ ಕೊಟ್ಟೇ ಬಂದೆ."

ಎರಡು ಸಲ ಬರೆದಿದ್ದೆ. ಬರೆಯುವಾಗ ನೆನಪಾದದ್ದು ಅಣ್ಣನೇ.

ಸರ್ಟಿಫಿಕೇಟ್ ಇಲ್ಲ. ಕಾಲೇಜಿಗೆ ಪತ್ರ ಹೋಗುತ್ತದೆ. ಮುಂದಿನ ಶುಕ್ರವಾರ ಕೊನೆ ದಿನ, ಅಲ್ಲಿವರೆಗೆ ಗೋಡೌನಿನಲ್ಲಿ ಟೋಪಿ ಮಡಿಸಬೇಕು. ಇಂಟರ್ನ್‌ಶಿಪ್ ಮತ್ತೆ ಮೊದಲಿಂದ, ಬೇರೆಲ್ಲಾದರೂ. ಆಗಸ್ಟಿನ ಕೆಲಸ ಹೋದ ಹಾಗೆಯೇ. ಹಗುರಾಗುತ್ತದೆ ಅಂದುಕೊಂಡಿದ್ದೆ. ಇಲ್ಲ.

ಪಾರ್ಕಿಂಗ್‌ಗೆ ಹೋಗಿ ಹೇಳಿದೆ. ಅಣ್ಣ ಸೀಟಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡರು.

"ನಂಗೆ ಸಿಟ್ಟಿದೆ" ಅಂದರು. "ಬಾರ್ ಬಿಟ್ಟಿದ್ದಕ್ಕಲ್ಲ. ಅದು ನಂಗೂ ಆಗಿದೆ ಒಂದ್ಸಲ, ಅವತ್ತಿಂದಾನೇ ಎರಡ್ಸಲ. ಆದ್ರೆ ನಾನು ಸುಳ್ಳು ಹೇಳ್ದೆ ಅಂತ ಎಲ್ರೂ ನಂಬಿದ್ರಲ್ಲ... ಮನೇಲಿ ನನ್ನ ಮಗಳೂ ಕೇಳಿದ್ಲು, ನಿಜವಾಗ್ಲೂ ಬೆರಳು ಬಂದಿತ್ತಾ ಅಪ್ಪ ಅಂತ."

ಕ್ಷಮಿಸಿ ಅಂದೆ. ಸರಿ ಅನ್ನಲಿಲ್ಲ. "ಬಿಸಿಲಿದೆ, ಒಳಗೆ ಹೋಗು" ಅಂದರು.

ಮಗಳಿದ್ದಾಳೆ. ಅಮ್ಮನಿಗೆ ಹೇಳಬೇಕು.

ಜುಲೈ 4, ಶುಕ್ರವಾರ. ಬೆಳಿಗ್ಗೆ 7.40

ಲಾಕರ್ ರೂಮು. ಕೊನೆ ದಿನ. ಯೂನಿಫಾರ್ಮ್ ಚೀಲದಲ್ಲಿ ತಂದಿದ್ದೆ, ವಾಪಸ್ ಕೊಟ್ಟು ಹೊರಡೋಣ ಅಂತ. ಅಮ್ಮ ಅದಕ್ಕೂ ಇಸ್ತ್ರಿ ಹಾಕಿ ಕೊಟ್ಟಿದ್ದಾಳೆ.

ಅಣ್ಣ ಇವತ್ತಿಂದ ಮತ್ತೆ ಹಾವಿಗೆ. ಮೇಲಿನ ಆಫೀಸಿನ ಆರ್ಡರ್ ಬಂತಂತೆ. ಗೇಟ್ ತೆರೆಯುವ ಮೊದಲು ಟ್ರಯಲ್ ಓಡಿಸುತ್ತಾರೆ, ಸೀಟುಗಳಲ್ಲಿ ನೀರು ತುಂಬಿದ ಗೊಂಬೆಗಳನ್ನು ಕೂರಿಸಿ. ಅವರೇ ಒಂದು ಗೊಂಬೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ನನ್ನ ನೋಡಿ ನಿಂತರು.

"ತಿಂಡಿ ಆಯ್ತಾ?"

"ಆಯ್ತಣ್ಣ."

ಗೊಂಬೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಅಂದರು, "ಯೂನಿಫಾರ್ಮ್ ಹಾಕ್ಕೊಂಡು ಬಾ. ಬಟನ್‌ಗೆ ಹೊಸಬ್ರನ್ನ ಕೂರಿಸಿದೀನಿ. ಹನ್ನೆರಡರಲ್ಲಿ ಗೊಂಬೆ ಬೇಡ, ನಾನು ಕೂತ್ಕೋತೀನಿ. ನೀನು ನೋಡಿ ಬೆರಳು ಎತ್ತು."

ಬೆರಳು ಏಳುವುದಿಲ್ಲ ಅಣ್ಣ, ಅಂದೆ. ಅವತ್ತಿಂದ ಎತ್ತೇ ಇಲ್ಲ.

"ಎತ್ತೋದು ಆಮೇಲಿನ ಮಾತು. ಮೊದ್ಲು ಎಳಿ."

ಹೋಗುತ್ತಾ ತಿರುಗಿದರು. "ಆಯ್ತಾ ತಿಂಡಿ?"

ಬಾಗಿಲು ಹಾಕಿಕೊಂಡು ಅತ್ತೆ. ಈಗ ಮುಖ ತೊಳೆದು, ಯೂನಿಫಾರ್ಮ್ ಹಾಕಿಕೊಂಡು ಕೂತಿದ್ದೇನೆ. ಲಾಗ್ ಬುಕ್ ತೆರೆದಿದೆ. 'ಇಂದು ಕಲಿತದ್ದು' ಇನ್ನೂ ಖಾಲಿ. ಬಂದು ಬರೆಯುತ್ತೇನೆ. ಹದಿನೈದು ಗೊಂಬೆ, ಒಬ್ಬ ಮನುಷ್ಯ. ಹನ್ನೆರಡರಿಂದಲೇ ಶುರು ಮಾಡಬೇಕು.

ಪ್ಲಾಟ್‌ಫಾರ್ಮಿನ ಮೈಕಿನಲ್ಲಿ ಕರೆಯುತ್ತಿದ್ದಾರೆ. ಒಂದು ಸಲ ಆಯಿತು. ಈಗ ಎರಡನೇ...