ಬಿದಿರಿನ ಪಟ್ಟಿ

ಜುಲೈ 14, ಸೋಮವಾರ

ದಿನಾ ಒಂದು ಪುಟ ಬರೆದರೆ ಸಿಟ್ಟು ಇಳಿಯುತ್ತದಂತೆ. ಸೊಸೆ ದಾನೇಶ್ವರಿ ಈ ನೋಟ್‌ಬುಕ್ ತಂದು ಕೈಗಿಟ್ಟಿದ್ದಾಳೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದೊಂದು ಕಾಟ.

ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ ನಿಂತಿವೆ. ಹೊಸ ಬಲೆ ಹೆಣೆಸಲು, ಬೋಟು ನಡೆಸುವ ತಾಂಡೇಲ ವಾಮನ ಬಂದಿದ್ದ.

"ಹುಲಗಪ್ಪಣ್ಣ, ಬಲೆ ಕಣ್ಣು ಇನ್ನೂ ಸಣ್ಣ ಮಾಡಿ ಮಾರಾಯ್ರೆ. ಹೋದ ಸಲ ಎಲ್ಲ ಜಾರಿ ಹೋಯ್ತು."

"ಜಾರಾಕ ಅಲ್ಲೇನ್ ಉಳದೈತೋ? ಸೊಳ್ಳೆಪರದೆ ಕಟ್ಕೊಂಡು ಹೋಗು."

ಅವನು ನಕ್ಕ. ನಾನು ನಗಲಿಲ್ಲ.

ಬಲೆಯ ಒಂದೊಂದು ಕಣ್ಣನ್ನೂ ನಾನು ಬಿದಿರಿನ ಪಟ್ಟಿಗೆ ಸುತ್ತಿ ಗಂಟು ಹಾಕುವುದು; ಪಟ್ಟಿಯ ಅಗಲವೇ ಕಣ್ಣಿನ ಅಳತೆ. ಕೃಷ್ಣೆಯ ದಡದಿಂದ ಈ ಕಡಲ ಊರಿಗೆ ಬರುವಾಗ ಅಪ್ಪ ಕೊಟ್ಟ ಪಟ್ಟಿ ನಾಲ್ಕು ಬೆರಳಗಲ ಇತ್ತು. ತಾಂಡೇಲರು ಹೇಳಿದಾಗಲೆಲ್ಲ ಕೆತ್ತಿದೆ. ಈಗ ಕಿರುಬೆರಳಿನಷ್ಟಿದೆ. ಮೇ ತಿಂಗಳಲ್ಲಿ ವಾಮನ ತಂದ ಪಾಪ್ಲೆಟ್ ಮೀನು ಬಿಸ್ಕತ್ತಿನಷ್ಟು, ಒಂದೂ ಮೊಟ್ಟೆ ಇಟ್ಟದ್ದಲ್ಲ. ನೋಡಿ ನನಗೇನೂ ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ.

ಸಂಜೆ ಹೊಸ ಬಿದಿರು ಸೀಳಿ ನಾಲ್ಕು ಬೆರಳಗಲದ ಪಟ್ಟಿ ಮಾಡಿದೆ. ವಾಮನ ಕೈಬಿಟ್ಟರೆ ನನಗೆ ಕೆಲಸ ಕೊಡುವವರಿಲ್ಲ. ಆದರೂ ನಾಳೆ ಅವನ ಕೈಗೇ ಕೊಟ್ಟು ಕೇಳುತ್ತೇನೆ: ಇದರ ಮೇಲೆ ಹೆಣೆಯಲೋ, ಬೇರೆಯವರನ್ನು ನೋಡಿಕೊಳ್ಳುತ್ತೀಯೋ? ನಾರಳಿ ಪೌರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಹೊರಡಬೇಕಿದ್ದರೆ, ಇಪ್ಪತ್ತನೇ ತಾರೀಖಿನೊಳಗೆ ಹೇಳು, ವಾಮನ.